ಖಾಲಿ ಹುಳುಮನೆಯ ಸುಳ್ಳು

ಆಗುವುದು ಮನಸ್ಸಿಗೆ ಮುಂಚೆಯೇ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಮಳೆ ಬರುವುದೇ ನಮಗೆ ಮುಂಚೆ ತಿಳಿಯುವುದಿಲ್ಲ, ಇನ್ನು ಮನುಷ್ಯರ ವಿಷಯವೇ! ಈಗ ನಗಲಾರೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಮಗನ ಮಗಳು ಕಾವ್ಯ, ನನ್ನ ಚಿನ್ನ, ಅಂಡಮಾನಿನಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ಆಳಕ್ಕೆ ಇಳಿಯುವುದನ್ನು ಕಲಿಯುತ್ತಿದ್ದಳು. ನಮ್ಮೂರು ದೊಡ್ಡಆಲಹಳ್ಳಿಯಲ್ಲಿ ಬಾವಿ ಬಗ್ಗಿ ನೋಡಲೂ ಹೆದರುತ್ತಿದ್ದ ಕೂಸು! ಅವಳ ಮುಖ ನೋಡಿ ಐದು ತಿಂಗಳಾಗಿತ್ತು. ಯಾವಾಗ ಬರುತ್ತೀಯ ಎಂದು ದಿನವೂ ಫೋನಿನಲ್ಲಿ ಅವಳ ಜೀವ ತಿನ್ನುತ್ತಿದ್ದೆ.

ಅವತ್ತು ಅವಳೇ ಫೋನ್ ಮಾಡಿದಳು. “ಅಜ್ಜೀ, ನಾಳಿದ್ದು ಬರ್ಬೇಕಿತ್ತಲ್ಲ, ಇವತ್ತೇ ಪ್ಲೇನಲ್ಲಿ ಸೀಟ್ ಸಿಕ್ಬುಡ್ತು! ರಾತ್ರಿ ಊಟಕ್ಕೆ ಬಂದ್ಬುಡ್ತೀನಿ.”

ನಾನು ಕುಣಿಯಬೇಕಿತ್ತು. ಬಾಯಿಂದ ಬಂದದ್ದು ಬೇರೆ. “ಬ್ಯಾಡ ಕಣವ್ವಾ, ಹುಳ ಜ್ವರಕ್ಕೆ ಕೂತವೆ. ಹೊರಗ್ನೋರು ಬರಂಗಿಲ್ಲ. ನಾಳಿದ್ದೇ ಬಾ.”

ರೇಷ್ಮೆಹುಳು ಪೊರೆ ಬಿಡಲು ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ. ಆದರೆ ಅವತ್ತು ನಮ್ಮಲ್ಲಿ ಒಂದು ಹುಳುವೂ ಇರಲಿಲ್ಲ. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ, ಹುಳುಮನೆ ತೊಳೆದು ಸುಣ್ಣ ಬಳಿದಿದ್ದೆವು.

ಜಗುಲಿಯಲ್ಲಿದ್ದ ನಮ್ಮ ಯಜಮಾನರು ಕಣ್ಣು ಬಿಟ್ಟರು. “ಏನಮ್ಮೀ, ನಿನ್ ತಲೆಗೇರೈತಾ ಜ್ವರ? ಮೊಮ್ಮಗಳ್ನೇ ಬರಬ್ಯಾಡ ಅಂತೀಯಲ್ಲ!” ನನಗೆ ಅಳು ಬಂತು. ಆದರೂ ತಿರುಗಿ ಫೋನ್ ಮಾಡಲು ಕೈ ಏಳಲಿಲ್ಲ. ಕಾವ್ಯ ಮುನಿಸಿಕೊಂಡು ಅಲ್ಲೇ ಉಳಿದಳು.

ಸಂಜೆ ಅವಳ ಭುಜ, ಮೊಣಕೈ ಸೆಳೆಯಲು ಶುರುವಾಯಿತು. ಬೆರಳು ಜೋಮು ಹಿಡಿದವು. ಆಳದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗಿ ಕೂರುತ್ತದಂತೆ. ಬೇಗ ಮೇಲೆ ಬಂದರೆ, ಕೆಲವೊಮ್ಮೆ ನಿಧಾನಕ್ಕೆ ಬಂದರೂ, ಸೋಡಾ ಬಾಟ್ಲಿ ತೆರೆದ ಹಾಗೆ ಮೈಯೊಳಗೇ ಗುಳ್ಳೆ ಏಳುತ್ತದೆ. ಆಕಾಶದಲ್ಲಿ ಗಾಳಿಯ ಒತ್ತಡ ಇನ್ನೂ ಕಡಿಮೆ, ಗುಳ್ಳೆ ಇನ್ನೂ ಉಬ್ಬುತ್ತದೆ. ಅದಕ್ಕೇ ಮುಳುಗಿದ ದಿನ ವಿಮಾನ ಹತ್ತಬಾರದು. ಬೆಳಿಗ್ಗೆ ಎರಡು ಸಲ ಮುಳುಗಿದ್ದ ಹುಡುಗಿ, ನನ್ನನ್ನು ನೋಡುವ ಆತುರಕ್ಕೆ ಏನೂ ಆಗುವುದಿಲ್ಲ ಎಂದುಕೊಂಡಿದ್ದಳು. ಹತ್ತಿದ್ದರೆ ಕೈಕಾಲು ಹೋಗುತ್ತಿತ್ತು, ಜೀವವೂ ಹೋಗಬಹುದಿತ್ತು ಎಂದರು ಡಾಕ್ಟರು. ಗಾಳಿಯ ಒತ್ತಡ ಹೆಚ್ಚಿಸುವ ಕೋಣೆಯಲ್ಲಿ ಮಲಗಿಸಿ, ಆಕ್ಸಿಜನ್ ಕೊಟ್ಟು ಉಳಿಸಿಕೊಟ್ಟರು. ಅವರ ಹೊಟ್ಟೆ ತಣ್ಣಗಿರಲಿ!

ತಿಂಗಳು ಕಳೆದು ಮನೆಗೆ ಬಂದಳು. ಹಿಡಿ ನೋಡೋಣ ಎಂದು ಬೆರಳು ಕೊಟ್ಟೆ. ಹಿಂಡಿದಳು ನೋಡಿ! “ಬುಡೇ, ಮುರ್ದಾಕ್ಬುಡ್ತೀಯ!” ಎಂದು ಕೂಗಿದೆ, ನಕ್ಕೆ, ಅತ್ತೆ. ಬೆರಳು ಮಾತ್ರ ಬಿಡಿಸಿಕೊಳ್ಳಲಿಲ್ಲ.

“ಅವತ್ಯಾಕಜ್ಜೀ ಹಂಗಂದೆ?” ಎಂದಳು.

ನೈಟ್ರೋಜನ್ ಎಂದರೆ ಹಿಪ್ಪುನೇರಳೆಗೆ ಹಾಕುವ ಗೊಬ್ಬರ ಎಂದಷ್ಟೇ ಗೊತ್ತಿದ್ದವಳು ನಾನು. ಬಾ ಬಾ ಎಂದು ಐದು ತಿಂಗಳು ಕರೆದ ಬಾಯಿಗೆ ಬೇಡ ಎನ್ನುವ ಮಾತು ಎಲ್ಲಿಂದ ಬಂತೋ, ಇವತ್ತಿಗೂ ತಿಳಿಯದು.