ಒಂದು ದಿನ ಬಿಡು, ಹಿಡ್ಕೊಳ್ಳುತ್ತೆ

ಆಕೆ ಮೊದಲು ನೋಡಿದ್ದು ಆತನ ಅಂಗಾಲುಗಳನ್ನು. ಆಸ್ಪತ್ರೆಯ ಕಾರಿಡಾರಿನಲ್ಲಿ ಮೊಣಕಾಲೂರಿ, ಕಿವಿಯನ್ನು ನೆಲಕ್ಕೆ ಹತ್ತಿರ ತಂದು, ಒಂದು ನಾಣ್ಯದಿಂದ ಟೈಲ್ಸನ್ನು ಒಂದೊಂದಾಗಿ ತಟ್ಟುತ್ತಿದ್ದ. ಅಂಗಾಲಿನ ಬಿರುಕುಗಳಲ್ಲಿ ಬಿಳಿ ಸಿಮೆಂಟು ತುಂಬಿಕೊಂಡಿತ್ತು. ಆಕೆ ಅಲ್ಲಿನ ರಕ್ತಪರೀಕ್ಷೆಯ ಲ್ಯಾಬಿಗೆ ಸೇರಿ ಇನ್ನೂ ಹದಿನೈದು ದಿನವಾಗಿರಲಿಲ್ಲ. ಟ್ರೇಯಲ್ಲಿದ್ದ ಸೀಸೆಗಳ ಚೀಟಿ ಓದುತ್ತಾ ಬಂದವಳು ಆಗಷ್ಟೇ ಹಾಸಿದ್ದ ನೆಲದ ಮೇಲೆ ಕಾಲಿಟ್ಟುಬಿಟ್ಟಳು.

"ಅಲ್ಲೇ ನಿಲ್ಲಿ! ಕಾಲೆತ್ತಬೇಡಿ! ಎತ್ತಿದ್ರೆ ಟೈಲ್ಸೂ ಜೊತೆಗೇ ಬರುತ್ತೆ!"

ಆಕೆ ಕೊಕ್ಕರೆಯ ಹಾಗೆ ನಿಂತಳು. ಒಂದು ಕಾಲು ಹಸಿ ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ. ಟ್ರೇಯಲ್ಲಿ ಸೀಸೆಗಳು ಕಿಣಿಕಿಣಿ ಎನ್ನುತ್ತಿದ್ದವು.

"ಎಷ್ಟೊತ್ತು ಹೀಗೇ ನಿಲ್ಲಬೇಕು?"

"ಗಾರೆ ಹಿಡಿಯೋಕೆ ಒಂದು ದಿನ ಬೇಕು ಮೇಡಂ."

ಆಕೆಯ ಮುಖ ಬಿಳಿಚಿಕೊಂಡದ್ದು ನೋಡಿ ಆತ ನಕ್ಕು ಹಲಗೆ ತಂದು ಹಾಸಿದ. ಮಾರನೆಯ ದಿನ ಲ್ಯಾಬಿನ ಬಾಗಿಲಲ್ಲಿ ಪ್ರತ್ಯಕ್ಷನಾದ. "ನೀವು ತುಳಿದ ಟೈಲ್ಸು ತಟ್ಟಿ ನೋಡಿದ್ರೆ ಒಳಗೆ ಟೊಳ್ಳಾಗಿತ್ತು. ಕಿತ್ತು ಹೊಸದಾಗಿ ಹಾಕಿದೀನಿ."

"ಇದನ್ನ ಹೇಳೋಕೆ ಮೂರು ಮಹಡಿ ಹತ್ತಿ ಬಂದ್ರಾ?"

"ಹತ್ತಲಿಲ್ಲ, ಓಡ್ಕೊಂಡು ಬಂದೆ. ಅಭ್ಯಾಸ ಇದೆ."

ಅಭ್ಯಾಸ ಎಂಥದ್ದೆಂದು ಆಕೆಗೆ ಮದುವೆಯಾದ ಮೇಲೆ ತಿಳಿಯಿತು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಬೆಳಗಿನ ಐದಕ್ಕೆ ಬಾಗಿಲ ಚೌಕಟ್ಟನ್ನು ಬೆರಳಗಂಟಿನಿಂದ ಮೂರು ಸಲ ತಟ್ಟಿ ಓಡಲು ಹೋಗುವನು. ಬಂದಾಗ ಮತ್ತೆ ಮೂರು ಸಲ. ಆಮೇಲೆ ಸಂಜೆಯವರೆಗೂ ಅವೇ ಮೊಣಕಾಲುಗಳ ಮೇಲೆ ಯಾರದೋ ಅಡುಗೆಮನೆ, ಯಾರದೋ ಬಚ್ಚಲುಮನೆ. ಪ್ರತಿ ವರ್ಷ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಡುತ್ತಿದ್ದ. ಐವತ್ತನಾಲ್ಕು ನಿಮಿಷಕ್ಕೆ ಕೊನೆಯ ಗೆರೆ ಮುಟ್ಟುತ್ತಿದ್ದ. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ಬಹುಮಾನದ ಹತ್ತಿರಕ್ಕೂ ಸುಳಿದವನಲ್ಲ. ಜೊತೆಗೆ ಓಡುತ್ತಿದ್ದ ಕಟಿಂಗ್ ಅಂಗಡಿಯವನು ಛೇಡಿಸುವನು: "ಮೇಸ್ತ್ರಿ ಓಡಲ್ಲ ಅತ್ತಿಗೆ, ಅಳತೆ ಹಿಡ್ಕೊಂಡು ರಸ್ತೆ ಹಾಸ್ತಾ ಹೋಗ್ತಾನೆ."

ಮಗಳಿಗೆ ಸೈಕಲ್ ಕಲಿಸಿದ್ದು ಆತನೇ, ಸೀಟು ಹಿಡಿದು ಪಕ್ಕದಲ್ಲಿ ಓಡುತ್ತಾ. ಅವಳು ಬಿದ್ದು ಮೊಣಕೈ ತರಚಿಕೊಂಡಾಗ ಊದಿ ಹೇಳಿದ: "ಒಂದು ದಿನ ಬಿಡು, ಹಿಡ್ಕೊಳ್ಳುತ್ತೆ." ಹಸಿ ಗಾರೆಯ ಈ ಮಾತನ್ನು ಆತ ಎಲ್ಲದಕ್ಕೂ ಹಚ್ಚುತ್ತಿದ್ದ. ನೆಗಡಿಗೂ ಅದೇ, ಬೆನ್ನುನೋವಿಗೂ ಅದೇ, ಗಂಡಹೆಂಡಿರ ಜಗಳಕ್ಕೂ ಅದೇ. ಹತ್ತರಲ್ಲಿ ಒಂಬತ್ತು ಸಲ ಮಾತು ನಿಜವಾಗುತ್ತಿತ್ತು, ಅದೇ ಆಕೆಗೆ ಹೆದರಿಕೆ. ಆತನಿಗೆ ನಲವತ್ತೈದು ದಾಟಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಗೋಗರೆದಳು. "ಊರವರದ್ದೆಲ್ಲ ರಕ್ತ ಹೀರ್ತೀಯ, ಮನೆಯವನದ್ದಾದ್ರೂ ಉಳಿಸೇ" ಎಂದು ನಗೆಯಲ್ಲಿ ತೇಲಿಸಿದ.

ಆತನಿಗೆ ಐವತ್ತೆರಡಾದ ವರ್ಷ, ಓಟಕ್ಕೆ ಎರಡು ದಿನ ಮೊದಲು, ಸಂಜೆ ಮನೆಗೆ ಬಂದವನು ಸಾಮಾನಿನ ಬಕೆಟ್ಟನ್ನು ಬಲಗೈಯಿಂದ ಇಳಿಸಿದ. ಆತ ಎಡಚ. ಆಕೆಯ ಕಣ್ಣು ಅಲ್ಲೇ ನೆಟ್ಟಿತು.

"ಎಡಗೈಗೆ ಏನಾಯ್ತು?"

"ಮೂಟೆ ಎತ್ತಿದ್ದು. ಸ್ವಲ್ಪ ಹಿಡಿದಿದೆ."

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಹಗಲೆಲ್ಲ ಚಾಪೆಯ ಮೇಲೆ ಮಿಸುಕದೆ ಮಲಗಿದ್ದ, ತಾನೇ ಹಸಿ ನೆಲ, ಯಾರೂ ಕಾಲಿಡಬಾರದೆನ್ನುವ ಹಾಗೆ. ಆಕೆ ಆಸ್ಪತ್ರೆಗೆ ಹೊರಡಿಸಲು ನೋಡಿದಳು, ಬೈದಳು, ಅತ್ತಳು. ಆತ ಛಾವಣಿ ನೋಡುತ್ತಾ ಅಂದ: "ಒಂದು ದಿನ ಬಿಡು." ಸಂಜೆಗೆ ಎದ್ದು ಕೂತು ಕೈ ತಿರುಗಿಸಿ ತೋರಿಸಿದ. "ನೋಡು, ಹಿಡ್ಕೊಳ್ತು." ಆಕೆ ನಂಬಲಿಲ್ಲ. ಆದರೆ ನಂಬಬೇಕೆಂಬ ಆಸೆಯಿತ್ತು. ಓಟದ ಬೂಟನ್ನು ಬಚ್ಚಿಡಬೇಕೆಂದುಕೊಂಡವಳು ಬಚ್ಚಿಡಲಿಲ್ಲ. ಇಂದಿಗೂ ಅದೊಂದು ಆಕೆಯ ಮನಸ್ಸನ್ನು ಚುಚ್ಚುತ್ತದೆ.

ಓಟದ ಬೆಳಿಗ್ಗೆ ಕೊನೆಯ ಗೆರೆಯ ಬಳಿ ಆಕೆಯ ಪಕ್ಕದಲ್ಲಿ ಮಗಳು ಗಡಿಯಾರ ಹಿಡಿದು ನಿಂತಿದ್ದಳು. ಐವತ್ತನಾಲ್ಕು ನಿಮಿಷವಾಯಿತು. ಐವತ್ತೇಳು. ಬರುವವರ ಮುಖಗಳನ್ನು ಆಕೆ ಒಂದೊಂದಾಗಿ ನೋಡಿ ಬಿಟ್ಟಳು.

"ಅಮ್ಮಾ, ಅಪ್ಪ ನಡ್ಕೊಂಡು ಬರ್ತಿರಬಹುದು."

"ನಿಮ್ಮಪ್ಪ ನಡೆಯೋ ಆಸಾಮಿನಾ?"

ಅರವತ್ತೊಂದು ನಿಮಿಷವಾದಾಗ ಆಕೆ ಹಗ್ಗದ ಅಡಿಯಲ್ಲಿ ನುಸುಳಿ, ಓಡಿ ಬರುವವರಿಗೆ ಎದುರಾಗಿ ಹೊರಟಳು. ಯಾರೋ ರೇಗಿದರು, ಯಾರೋ ಪಕ್ಕಕ್ಕೆ ಸರಿದರು. ಪ್ರತಿ ತಿರುವಿನಲ್ಲೂ ಜನರ ಗುಂಪು ಕಾಣುತ್ತದೇನೋ ಎಂದು ಎದೆ ಹಾರುತ್ತಿತ್ತು. ಗುಂಪಿಲ್ಲದ್ದು ಕಂಡು ಇನ್ನಷ್ಟು ಹಾರುತ್ತಿತ್ತು. ಏಳನೇ ಕಿಲೋಮೀಟರಿನ ನೀರಿನ ಮೇಜಿನ ಹತ್ತಿರ ಆತ ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿದ್ದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಟಿಂಗ್ ಅಂಗಡಿಯವನು ಬನಿಯನ್ ಬಿಚ್ಚಿ ಗಾಳಿ ಹಾಕುತ್ತಿದ್ದ.

"ಹೊರಡ್ತೀನಿ ಅಂತಾನೆ ಅತ್ತಿಗೆ! ಇನ್ನು ಮೂರೇ ಕಿಲೋಮೀಟರ್ ಅಂತೆ!"

ಆತ ಆಕೆಯನ್ನು ನೋಡಿ, ಕಲ್ಲಿಗೆ ಕೈಯೂರಿ ಏಳಲು ಹೊರಟ. "ಐದು ನಿಮಿಷ... ಬಿಡು... ಹಿಡ್..."

"ಅಲ್ಲೇ ಇರಿ! ಕಾಲೆತ್ತಬೇಡಿ!"

ಆ ಕೂಗು ಎಲ್ಲಿಂದ ಬಂತೋ ಆಕೆಗೇ ಗೊತ್ತಾಗಲಿಲ್ಲ. ಆತ ಬೆಚ್ಚಿ ಕೂತ. ಎತ್ತಿದ್ದ ಹಿಮ್ಮಡಿ ಮೆಲ್ಲಗೆ ನೆಲ ಮುಟ್ಟಿತು. ಆಂಬುಲೆನ್ಸ್ ಬರುವವರೆಗೂ ಮತ್ತೆ ಅದನ್ನು ಎತ್ತಲಿಲ್ಲ.

ಡಾಕ್ಟರು ಬೆರಳುಗಳಿಂದ ಎದೆಯನ್ನು ತಟ್ಟಿ ನೋಡುವಾಗ ಆತ ಕಿವಿಗೊಟ್ಟು ಕೇಳಿದನಂತೆ: "ಟೊಳ್ಳಾ ಡಾಕ್ಟ್ರೇ?" ಟೊಳ್ಳಲ್ಲ, ರಕ್ತನಾಳ ಕಟ್ಟಿಕೊಂಡಿತ್ತು. ಅದನ್ನು ಬಿಡಿಸಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಇನ್ನು ಓಟ ಬೇಡ, ಮೂಟೆ ಮುಟ್ಟಬೇಡಿ ಎಂದೂ ಹೇಳಿದರು.

ಈಗಲೂ ಬೆಳಿಗ್ಗೆ ಚೌಕಟ್ಟಿನ ಮೇಲೆ ಮೂರು ತಟ್ಟು ಕೇಳಿಸುತ್ತವೆ. ಮರಳಿ ಕೇಳಿಸುವವರೆಗೆ ಆಕೆ ಒಲೆ ಹಚ್ಚುವುದಿಲ್ಲ. ಆತ ಈಗ ದಿನಾ ಎರಡು ಕಿಲೋಮೀಟರ್ ನಡೆಯುತ್ತಾನೆ. ಆಮೇಲೆ ಬೇರೆಯವರು ಹಾಸಿದ ನೆಲಗಳಿಗೆ ಹೋಗಿ, ನಾಣ್ಯದಿಂದ ತಟ್ಟಿ ನೋಡಿ, ಟೊಳ್ಳಿದ್ದ ಕಡೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾನೆ.