ಬೆಸುಗೆಯಲ್ಲಿ ಹುಟ್ಟಿದ ನೀರು

ನನ್ನನ್ನು ವಿಜ್ಞಾನದಿಂದ ಓಡಿಸಲು ಹೊರಟವರು ನಮ್ಮ ಜೀವಶಾಸ್ತ್ರದ ಉಪನ್ಯಾಸಕರು. ಆಗ ನಾನು ಮೊದಲ ಪಿಯುಸಿ. ಅರಕೆರೆಯಿಂದ ಬೆಳಗಿನ ಬಸ್ಸಿನಲ್ಲಿ ಜೋತಾಡಿಕೊಂಡು ಶ್ರೀರಂಗಪಟ್ಟಣದ ಕಾಲೇಜಿಗೆ ಹೋಗುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳಿಗೆ ಅಲ್ಲಿ ಎಲ್ಲವೂ ಇಂಗ್ಲಿಷು. ಮೊದಮೊದಲು ನನಗೆ ಸಲೀಸಾಗಿ ಅರ್ಥವಾಗುತ್ತಿದ್ದದ್ದು ಹಾಜರಿ ಕರೆಯುವುದೊಂದೇ.

ಆ ದಿನ ಪ್ರೋಟೀನಿನ ಪಾಠ. ಅಮೈನೋ ಆಮ್ಲಗಳೆಂಬ ಚಿಕ್ಕ ಅಣುಗಳು ನಮ್ಮ ದೇಹದಲ್ಲಿ ಒಂದಕ್ಕೊಂದು ಸೇರಿ ಉದ್ದನೆಯ ಸರಪಳಿಯಾಗುತ್ತವೆ, ಅದೇ ಪ್ರೋಟೀನು. ಎರಡು ಸೇರಿದಾಗಲೆಲ್ಲ ಒಂದು ನೀರಿನ ಅಣು ಹೊರಗೆ ಹೋಗುತ್ತದೆ ಎಂದರು. ಆ ನೀರು ಹೇಗೆ ಹೋಗುತ್ತದೆ, ಯಾರು ಹೇಳುತ್ತೀರಿ ಎಂದು ಕೇಳಿದರು. ನೀರು ಹೋಗುವ ಸಂಗತಿ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ನಮ್ಮಪ್ಪನದು ಆಲೆಮನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು, ನೀರೆಲ್ಲ ಆವಿಯಾಗಿ, ಪಾಕ ಗಟ್ಟಿಯಾಗಿ ಬೆಲ್ಲವಾಗುವುದನ್ನು ನೋಡುತ್ತಲೇ ಬೆಳೆದವಳು. ಎದ್ದು ನಿಂತೆ.

"ನಮ್ ಆಲೆಮನೇಲಿ ಮಾಡ್ದಂಗೆ ಚೆನ್ನಾಗಿ ಕಾಯಿಸ್ಬೇಕು ಸಾ. ಉರಿ ಆಕಿದ್ರೆ ನೀರು ಓಯ್ತದೆ, ಮಿಕ್ಕಿದ್ದು ಅಂಟ್ಕತದೆ."

ತರಗತಿ ಗೊಳ್ಳೆಂದಿತು. "ನಿನ್ನ ಹೊಟ್ಟೆಯೊಳಗೆ ಆಲೆಮನೆ ಇದೆಯೇನಮ್ಮ?" ಎಂದರು ಅವರು. ಮತ್ತೆ ನಗು. ನಗಲಿ, ಅದನ್ನು ಸಹಿಸಿಕೊಳ್ಳಬಹುದಿತ್ತು. ಅವರು ಅಲ್ಲಿಗೆ ಬಿಡಲಿಲ್ಲ. ಪಾಠ ಮುಗಿದ ಮೇಲೆ ಕರೆದು, ಕಲಾ ವಿಭಾಗಕ್ಕೆ ಬದಲಾಗುವ ಅರ್ಜಿಯೊಂದನ್ನು ಕೈಗಿಟ್ಟರು. "ಶನಿವಾರ ಕೊನೆ ದಿನ. ಅಪ್ಪನ ಸಹಿ ಹಾಕಿಸಿಕೊಂಡು ಬಾ. ಸೈನ್ಸು ನಿಮ್ಮಂಥವರಿಗೆ ಕಷ್ಟ."

ನಿಮ್ಮಂಥವರು! ಆ ಮಾತು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಸಂಜೆ ಸೀದಾ ಆಲೆಮನೆಗೆ ಹೋಗಿ ಅರ್ಜಿಯನ್ನು ಅಪ್ಪನ ಮುಂದೆ ಹಿಡಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಮ್ಮಪ್ಪ. ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಕುದಿಯುವ ಪಾಕದ ಒಂದು ತೊಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡಿದ. ಹದ ಬಂದಿರಲಿಲ್ಲ.

"ನೀ ಯೋಳಿದ್ದು ತಪ್ಪಾ?"

"ತಪ್ಪಂತೆ."

"ಎಲ್ ತಪ್ತು?"

"ಗೊತ್ತಿಲ್ಲ."

"ಅಂಗಾರೆ ಮೊದ್ಲು ಅದ್ನ ತಿಳ್ಕ. ಎಲ್ ತಪ್ತು ಅಂತ ಗೊತ್ತಿಲ್ದೆ ನಾನ್ ಕೊಪ್ಪರಿಗೆ ಇಳ್ಸಕಿಲ್ಲ. ಸೈನ್ ಇಚಾರ ಆಮ್ಯಾಕೆ ನೋಡಾನ."

ಮೂರು ಸಂಜೆ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಆ ಒಂದೇ ಪುಟ ಓದಿದೆ. ಕೊನೆಗೂ ತಪ್ಪು ಸಿಕ್ಕಿತು. ಪ್ರತಿ ಅಮೈನೋ ಆಮ್ಲಕ್ಕೂ ಎರಡು ತುದಿ: ಒಂದು ಆಮ್ಲದ್ದು, ಇನ್ನೊಂದು ಅಮೈನಿನದು. ಒಂದರ ಆಮ್ಲದ ತುದಿ ಇನ್ನೊಂದರ ಅಮೈನಿನ ತುದಿಗೆ ಬೆಸೆಯುತ್ತದೆ. ಬೆಸೆಯುವಾಗ ಮೊದಲನೆಯದು ಆಮ್ಲಜನಕ ಜಲಜನಕದ ಒಂದು ಜೋಡಿಯನ್ನು ಬಿಟ್ಟುಕೊಡುತ್ತದೆ, ಎರಡನೆಯದು ಒಂದು ಜಲಜನಕವನ್ನು. ಬಿಟ್ಟುಕೊಟ್ಟ ಇವೆಲ್ಲ ಸೇರಿ ನೀರಾಗುತ್ತವೆ. ನಮ್ಮ ಕೊಪ್ಪರಿಗೆಯಲ್ಲಿ ಇದ್ದ ನೀರು ಹೋಗುತ್ತದೆ. ಇಲ್ಲಿ ಇಲ್ಲದ ನೀರು ಬೆಸುಗೆಯಲ್ಲೇ ಹುಟ್ಟುತ್ತದೆ. ಉರಿಯೂ ಬೇಡ. ಜೀವಕೋಶದೊಳಗೆ ಒಂದೊಂದು ಆಮ್ಲವನ್ನೂ ಹೊತ್ತು ತರುವ ಅಣುಗಳಿವೆ. ಬೆಸುಗೆಗೆ ಬೇಕಾದ ಶಕ್ತಿ ಆಮ್ಲವನ್ನು ಹೇರುವಾಗಲೇ ಅವುಗಳಲ್ಲಿ ತುಂಬಿರುತ್ತದೆ. ಸಕ್ಕರೆ ಕಾರ್ಖಾನೆಯ ಮುಂದೆ ಪರ್ಮಿಟ್ ಹಿಡಿದು ನಿಂತ ಕಬ್ಬಿನ ಗಾಡಿಗಳ ಹಾಗೆ ಅವು ಪಾಳಿಯ ಪ್ರಕಾರವೇ ಬರಬೇಕು. ಪಾಳಿ ತಪ್ಪಿದರೆ ಆ ಪ್ರೋಟೀನು ಆ ಪ್ರೋಟೀನಾಗಿ ಉಳಿಯುವುದಿಲ್ಲ. ಇಷ್ಟು ತಿಳಿದ ಮೇಲೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇದನ್ನು ಹೇಳಿಕೊಡಲು ಅವರಿಗೆ ಐದು ನಿಮಿಷ ಸಾಕಿತ್ತು.

ಶನಿವಾರ ಅಪ್ಪ ಬೆಲ್ಲದ ಕಲೆಯ ಅಂಗಿಯಲ್ಲೇ ಕಾಲೇಜಿಗೆ ಬಂದ. ನಾನು ಅದೇ ಅರ್ಜಿಯ ಹಿಂಬದಿಯಲ್ಲಿ ಮೂರು ಅಣು ಬರೆದು, ಎರಡು ಬೆಸುಗೆ ಹಾಕಿ, ಎರಡು ನೀರು ಹೊರಗಿಟ್ಟು ತೋರಿಸಿದೆ.

"ಬಾಯಿಪಾಠ" ಎಂದರು ಉಪನ್ಯಾಸಕರು. "ಸರಿ, ನೂರು ಸೇರಿದರೆ ನೀರೆಷ್ಟು?"

"ತೊಂಬತ್ತೊಂಬತ್ತು." ಅವರು ಮುಖ ತಿರುಗಿಸುವಷ್ಟರಲ್ಲಿ ಮತ್ತೆ ಹೇಳಿದೆ: "ಎರಡು ಕೊನೇನೂ ತಂದು ಸೇರ್ಸಿ ಬಳೆ ಮಾಡುದ್ರೆ ನೂರು ಸಾ."

ಬಳೆಯ ಪ್ರಶ್ನೆಯನ್ನು ಅವರು ಕೇಳಿರಲಿಲ್ಲ. ಬಾಯಿಪಾಠದವರಿಗೆ ಅದು ಹೊಳೆಯುವುದೂ ಇಲ್ಲ, ಅದು ಅವರಿಗೂ ಗೊತ್ತಿತ್ತು. ಅವರು ಮೇಜಿನತ್ತ ಬಗ್ಗಿ ನನ್ನ ಚಿತ್ರವನ್ನು ಇನ್ನೊಮ್ಮೆ ನೋಡಿದರು. ಒಂದಕ್ಷರವೂ ಅರ್ಥವಾಗದೆ ನಿಂತಿದ್ದ ಅಪ್ಪ ಆ ನೋಟವನ್ನು ಮಾತ್ರ ಸರಿಯಾಗಿ ಓದಿಕೊಂಡು ಅರ್ಜಿಯನ್ನು ಕೈಗೆತ್ತಿಕೊಂಡ.

"ಈಗ್ಲೂ ನಾನ್ ಸೈನ್ ಆಕ್ಬೇಕಾ ಸಾ?"

"ಬೇಡ, ಅರ್ಜಿ ಇಲ್ಲಿ ಕೊಡಿ" ಎಂದರು ಅವರು. ಅಪ್ಪ ಕೊಡಲಿಲ್ಲ. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

ಪದವಿಗೆ ಬಂದ ಮೇಲೆ ಇನ್ನೊಂದು ವಿಷಯ ಓದಿದೆ. ಒಣಗಿದ ಅಮೈನೋ ಆಮ್ಲಗಳನ್ನು ಬಲವಾಗಿ ಕಾಯಿಸಿದರೆ ಅವೂ ಅಂಟಿಕೊಳ್ಳುತ್ತವಂತೆ. ಪಾಳಿಯಿಲ್ಲ, ಲಂಗುಲಗಾಮಿಲ್ಲ, ಅದರಿಂದ ಯಾವ ದೇಹವೂ ನಡೆಯುವುದಿಲ್ಲ. ಆದರೆ ಅಂಟುವುದಂತೂ ನಿಜ. ಅಂದರೆ ಆಲೆಮನೆಯ ಹುಡುಗಿಯ ಉತ್ತರಕ್ಕೆ ಅರ್ಧ ಅಂಕವಾದರೂ ಸಲ್ಲಬೇಕಿತ್ತು. ಓದಿದ ದಿನ ಹಾಸ್ಟೆಲಿನಲ್ಲಿ ಒಬ್ಬಳೇ ಕೂತು ಜೋರಾಗಿ ನಕ್ಕೆ. ಆ ಉಪನ್ಯಾಸಕರನ್ನು ಮಾತ್ರ ನಾನು ಕ್ಷಮಿಸಿಲ್ಲ, ಕ್ಷಮಿಸುವ ಆತುರವೂ ಇಲ್ಲ.

ಈಗ ನಾಗಮಂಗಲದಲ್ಲಿ ನಾನೇ ಜೀವಶಾಸ್ತ್ರ ಕಲಿಸುತ್ತೇನೆ, ವಿಭಾಗದ ಜವಾಬ್ದಾರಿಯೂ ನನ್ನದೇ. ಕಳೆದ ವರ್ಷ ಕೆ.ಆರ್. ಪೇಟೆ ಕಡೆಯ ಹುಡುಗಿಯೊಬ್ಬಳ ಅರ್ಜಿಯನ್ನು ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಮೇಲಿಟ್ಟರು. "ಕಲಾ ವಿಭಾಗಕ್ಕೆ ಕಳಿಸೋಣ ಮೇಡಂ. ಕೇಳಿದ್ದಕ್ಕೆಲ್ಲ ತಪ್ಪೇ ಹೇಳ್ತಾಳೆ. ನಿಮ್ಮದೊಂದು ಸಹಿ." ಹುಡುಗಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

ನಾನು ಬೀರು ತೆಗೆದು ನನ್ನ ಹಳೆಯ ಅರ್ಜಿಯನ್ನು ಹುಡುಗಿಯ ಅರ್ಜಿಯ ಪಕ್ಕಕ್ಕೆ ಬಿಡಿಸಿಟ್ಟೆ. ಅಪ್ಪನ ಜೇಬಿನ ಬೆಲ್ಲದ ಅಂಟಿಗೆ ಇರುವೆ ಮುತ್ತಿ ಅದರ ಒಂದು ಮೂಲೆ ಹೋಗಿದೆ. ತಂದೆಯ ಸಹಿ ಎಂದಿರುವ ಜಾಗ ಖಾಲಿ. ಸಹೋದ್ಯೋಗಿ ಅದನ್ನೂ ನನ್ನನ್ನೂ ನೋಡಿದರು. ನಾನು ಪೆನ್ನಿನ ಮುಚ್ಚಳ ಹಾಕಿ ಹುಡುಗಿಯನ್ನು ಒಳಗೆ ಕರೆದೆ.

"ಬಾರವ್ವ, ಕೂತ್ಕ. ಎಲ್ ತಪ್ತು ಅಂತ ಮೊದ್ಲು ನೋಡಾನ."