ಸೀಮೆಸುಣ್ಣದ ಗೀಟು

ಮಗಳ ಟ್ರೇಲರ್ ಮನೆ ಅಪ್ಪನ ಗ್ಯಾಸ್ ರಿಪೇರಿ ಅಂಗಡಿಯ ಮುಂದೆ ನಿಂತು ಎರಡು ಗಂಟೆಯಾಗಿತ್ತು. ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಒಲೆ, ಹಾಸಿಗೆ, ಬಚ್ಚಲು ಎಲ್ಲಾ ಇರುವ ಪುಟ್ಟ ಗಾಡಿ. ಊಟ ಮುಗಿಸಿ ಮಗಳು, ಅಳಿಯ, ಮೊಮ್ಮಗಳು ಪ್ರವಾಸ ಹೊರಡುವವರು. ಗ್ಯಾಸ್ ಸೋರುತ್ತದೆಯೋ ಇಲ್ಲವೋ ನೋಡಿಕೊಡುವುದು ಅಪ್ಪನ ಕೆಲಸ. ಅಪ್ಪ ಮಾತ್ರ ಒಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಒಳಗೆ ಹೋಗುವುದು.

ಮೂವತ್ತು ವರ್ಷದಿಂದ ಇದೇ ಕಸುಬು. ಪೈಪು ಸೇರುವ ಕಡೆಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಆಮೇಲೆ ಸಿಲಿಂಡರ್ ತೆರೆದು ಮುಚ್ಚಿ, ಒತ್ತಡ ತೋರಿಸುವ ಮುಳ್ಳನ್ನು ಹತ್ತು ನಿಮಿಷ ನೋಡುತ್ತಾ ಕೂರಬೇಕು, ಇಳಿದರೆ ಸೋರಿಕೆ. ಆದರೆ ಹತ್ತು ನಿಮಿಷ ಒಂದು ಕಡೆ ಕೂರುವ ಜಾಯಮಾನ ಇವರದ್ದಲ್ಲ. ಎರಡೇ ನಿಮಿಷಕ್ಕೆ ಎದ್ದು, ನೆಲಕ್ಕೆ ಮುಖ ಇಟ್ಟು ಮೂಸುತ್ತಿದ್ದರು. ಗ್ಯಾಸು ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ. ಸೋಪಿಗೆ ಸಿಗದ ಸೋರಿಕೆಯೂ ಆ ಮೂಗಿಗೆ ಸಿಗುತ್ತಿತ್ತು. ಊರಿಗೆಲ್ಲ ಅವರು ಮೂಗಿನ ಮೇಷ್ಟ್ರು. ಸರಿ ಎನಿಸಿದರೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಅದನ್ನು ನೋಡಿದ ಮೇಲೆ ಯಾರೂ ಚಕಾರ ಎತ್ತುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಒಂದು ಜ್ವರ ಬಂದು ಹೋಯಿತು, ಆ ಮೂಗು ಕೈಕೊಟ್ಟಿತು. ಸೋಪು, ಸೀಮೆಎಣ್ಣೆ, ಮೊಮ್ಮಗಳ ತಲೆ, ಎಲ್ಲವೂ ಒಂದೇ. ಇವತ್ತು ಸರಿಹೋಗುತ್ತದೆ, ನಾಳೆ ಸರಿಹೋಗುತ್ತದೆ ಎಂದು ಬಾಯಿ ಬಿಡಲಿಲ್ಲ. ಮರ್ಯಾದೆಯ ಪ್ರಶ್ನೆ ನೋಡಿ. ತಟ್ಟೆ ಮುಂದೆ ಕೂತು ‘ಘಮ್ ಅಂತಿದೆ’ ಎಂದು ಹೆಂಡತಿಗೆ ದಿನಾ ಸುಳ್ಳು. ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಮೂಸಿದ ಹಾಗೆ ನಟಿಸಿ ಏಳು ಗಾಡಿಗಳಿಗೆ ಗೀಟೆಳೆದಿದ್ದರು.

ಇಂದು ಕೈ ಏಳುತ್ತಿಲ್ಲ. ಒಲೆಯ ಪಕ್ಕ, ನೆಲದಿಂದ ಗೇಣು ಎತ್ತರದಲ್ಲಿ ಪುಟ್ಟ ಹಾಸಿಗೆ. ಮೊಮ್ಮಗಳ ಗೊಂಬೆ ಆಗಲೇ ಅಲ್ಲಿ ಮಲಗಿತ್ತು. ಅದರ ಪಕ್ಕ ಮುಖ ಇಟ್ಟು ಮೂಸಿದರು. ಏನೂ ಇಲ್ಲ. ಆ ‘ಏನೂ ಇಲ್ಲ’ವನ್ನು ನಂಬುವುದು ಹೇಗೆ?

“ಆಯ್ತಾ ಅಪ್ಪಾ? ಗೀಟು ಹಾಕಿದ್ರೆ ಹೊರಡ್ತೀವಿ,” ಎಂದಳು ಮಗಳು.

“ತಡಿಯಮ್ಮ, ಇನ್ನೊಂದ್ಸಲ ಸೋಪು ಹಚ್ತೀನಿ.”

“ನಾಲ್ಕು ಸಲ ಹಚ್ಚಾಯ್ತು. ಗಾಡಿಗೆ ಸ್ನಾನ ಮಾಡಿಸ್ತಿದ್ದೀಯಾ?”

ಅವರು ನಗಲಿಲ್ಲ. ಬಾಗಿಲಿಗೆ ಬಂದು ಹೆಂಡತಿಯನ್ನು ಕರೆದರು. “ಇಲ್ಲಿ ಸ್ವಲ್ಪ ಮೂಸಿ ನೋಡು.” ಆಮೇಲೆ ದನಿ ತಗ್ಗಿಸಿ, “ನಂಗೆ ವಾಸನೆ ಗೊತ್ತಾಗಲ್ಲ ಕಣೇ. ಜ್ವರ ಬಂದಾಗಿಂದ.”

“ಗೊತ್ತು. ಹಾಲು ಸೀದ ವಾಸನೆ ಬೀದಿಗೆಲ್ಲ ಹೋಯ್ತು, ನೀವು ಪಕ್ಕದಲ್ಲೇ ಪೇಪರ್ ಓದ್ತಿದ್ರಿ. ನೀವೇ ಹೇಳಲಿ ಅಂತ ಸುಮ್ನಿದ್ದೆ. ಅಂಗಡೀಲಿ ಮುಳ್ಳು ನೋಡ್ಕೊಂಡು ಮಾಡ್ತಿದೀರಿ ಅಂದ್ಕೊಂಡಿದ್ದೆ.” ಆಕೆ ಮೊಣಕಾಲೂರಿ ಗೊಂಬೆಯ ಪಕ್ಕ ಬಾಗಿದಳು. ಎರಡು ಸಲ ಉಸಿರೆಳೆದು ನೋಡಿದಳು. “ಬರ್ತಿದೆ ರೀ. ಸಣ್ಣಗೆ. ಆದ್ರೆ ಬರ್ತಿದೆ.”

ಅವರು ಸಿಲಿಂಡರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಮುಳ್ಳಿನ ಮುಂದೆ ಕೂತರು. ಪೂರ್ತಿ ಹತ್ತು ನಿಮಿಷ. ಏಳನೇ ನಿಮಿಷಕ್ಕೆ ಅದು ಕೂದಲೆಳೆಯಷ್ಟು ಇಳಿದದ್ದು ಕಣ್ಣಿಗೆ ಕಂಡಿತು. ಒಲೆಯ ಎಡಗಡೆ ತಿರುಗಣೆ ಮುಚ್ಚಿದ್ದರೂ ಎಳ್ಳಷ್ಟು ಗ್ಯಾಸನ್ನು ಒಲೆಯ ಬಾಯಿಗೆ ಬಿಡುತ್ತಿತ್ತು. ಪೈಪಿಗೆ ಹಚ್ಚುವ ಸೋಪನ್ನು ಒಲೆಯ ಬಾಯಿಗೆ ಯಾರು ಹಚ್ಚುತ್ತಾರೆ? ಬೇರೆ ತಿರುಗಣೆ ಹಾಕಿ ಇನ್ನೊಂದು ಹತ್ತು ನಿಮಿಷ ಕೂತರು. ಮುಳ್ಳು ಜಗ್ಗಲಿಲ್ಲ.

ಮಗಳು ಸೀಮೆಸುಣ್ಣ ತಂದುಕೊಟ್ಟಳು. ಅವರು ತೆಗೆದುಕೊಳ್ಳಲಿಲ್ಲ. “ಗೀಟು ಬೇಡಮ್ಮ. ಮುಳ್ಳು ನಿಂತಿದೆ, ನಿಮ್ಮಮ್ಮ ಮೂಸಿದಾಳೆ. ಅಷ್ಟು ಸಾಕು.” ಆಮೇಲೆ ಮಗಳಿಗೆ ಎಲ್ಲವನ್ನೂ ಹೇಳಿ, ಆ ಏಳು ಗಾಡಿಯವರಿಗೆ ಫೋನ್ ಮಾಡಲು ಕೂತರು.

“ನಾನು ಗ್ಯಾಸಿನವನು. ಸಿಲಿಂಡರ್ ಮುಚ್ಚಿಡಿ. ನನ್ನ ಗೀಟನ್ನ ನಂಬಬೇಡಿ, ನಾನು ಬಂದು ಮತ್ತೆ ನೋಡ್ತೀನಿ.” ಆರು ಜನಕ್ಕೆ ಇದನ್ನೇ ಹೇಳಿದರು. ಒಬ್ಬರು ಬೈದರು, ಬೈಸಿಕೊಂಡರು.

ಏಳನೆಯವರ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮತ್ತೆ ಮಾಡಿದರು. ಮತ್ತೆ.

ಹೆಂಡತಿ ಚಪ್ಪಲಿ ಮೆಟ್ಟಿಕೊಂಡಳು. “ಮನೆ ಗೊತ್ತಲ್ಲ? ನಡೀರಿ, ನಾನೂ ಬರ್ತೀನಿ.”